ನಾಲ್ಕು ಬೆರಳಿನ ಮಡಿಕೆ

ತೀರಿಕೊಂಡ ಅಪ್ಪನಿಗೆ ತೊಡಿಸಲು ಮಗಳು ಅವನ ಬಿಳಿ ಅಂಗಿಯ ಪಕ್ಕದ ಹೊಲಿಗೆ ಬಿಚ್ಚುತ್ತಿದ್ದಳು. ಕೊನೆಯ ದಿನಗಳಲ್ಲಿ ಊದಿಕೊಂಡಿದ್ದ ಮೈಗೆ ಗುಂಡಿ ಕೂರುತ್ತಿರಲಿಲ್ಲ. ಕಂಡವರ ಮಕ್ಕಳ ಬಟ್ಟೆಗೆಲ್ಲ, ಬೆಳೆಯುವ ಮೈ ಎಂದು ಧಾರಾಳವಾಗಿ ಒಳಗೆ ಮಡಚಿ ಬಿಡುತ್ತಿದ್ದ ದರ್ಜಿ ಅಪ್ಪ ತನ್ನ ಅಂಗಿಗೆ ಮಾತ್ರ ಕಾಲಿಂಚೂ ಬಿಟ್ಟುಕೊಂಡಿರಲಿಲ್ಲ.

"ಬೆನ್ನಿಗೆ ಕತ್ತರಿ ಹಾಕಿಬಿಡೆ, ಯಾರು ನೋಡ್ತಾರೆ?" ಎಂದಳು ಅತ್ತೆ.

"ಅಪ್ಪ ನೋಡ್ತಾರೆ."

ಅತ್ತೆ ನಕ್ಕಳು. ನಗುತ್ತಲೇ ಅಳು ಬಂತು. "ಜುಗ್ಗ ನನ್ನ ತಮ್ಮ. ನಿನ್ನ ಔಷಧೀಲೂ ಜುಗ್ಗತನ ಮಾಡಿದ."

ತಾಯಿಯಿಲ್ಲದ ಮಗುವನ್ನು ಸಾಕಿದ ಅತ್ತೆ ಮೊದಲಿನಿಂದಲೂ ಆಡಿಕೊಂಡು ಬಂದ ಮಾತದು. ಮಗಳೀಗ ಗಟ್ಟಿಮುಟ್ಟಾಗಿದ್ದಾಳೆ. ಆದರೂ ಒಂದು ಅನುಮಾನ ಒಳಗೇ ಕೊರೆಯುತ್ತಿತ್ತು. ತಾನು ಉಳಿಯುವ ಆಸೆಯನ್ನೇ ಅಪ್ಪ ಅವತ್ತು ಬಿಟ್ಟಿದ್ದನೇ? ಕೇಳೋಣ, ಕೇಳೋಣ ಎಂದುಕೊಂಡೇ ಕಾಲ ಕಳೆಯಿತು. ಇನ್ನು ಕೇಳುವಂತಿಲ್ಲ. ಅವಳು ಅಂಗಿಯ ಪಕ್ಕಕ್ಕೆ ಬಿಳಿ ಪಟ್ಟಿಯೊಂದನ್ನು ಸೇರಿಸಿ ಹೊಲಿಯತೊಡಗಿದಳು.

*

ರಕ್ತದ ಕ್ಯಾನ್ಸರ್ ಎಂದಾಗ ಅವಳಿಗೆ ಐದು ವರ್ಷ. ಪಕ್ಕದ ಮಂಚದ ಹುಡುಗನಿಗೂ ಅದೇ ಕಾಯಿಲೆ, ಅದೇ ವಯಸ್ಸು, ಅದೇ ಬೋಳು ತಲೆ. ಮೊದಲ ಸುತ್ತಿನ ಔಷಧಿ ಮುಗಿದ ಮೇಲೆ ಇಬ್ಬರ ಮೂಳೆಯ ಮಜ್ಜೆಯನ್ನೂ ಪರೀಕ್ಷಿಸಿದರು. ಹುಡುಗನಲ್ಲಿ ಕ್ಯಾನ್ಸರ್ ಕಣಗಳು ಉಳಿದಿದ್ದವು. ಅವನಿಗೆ ಔಷಧಿ ಹೆಚ್ಚಿಸಿದರು. ಅವಳಲ್ಲಿ ಒಂದೂ ಕಾಣಲಿಲ್ಲ.

"ಇವಳಿಗೆ ಅಪಾಯ ಕಡಿಮೆ. ಔಷಧೀನೂ ಕಡಿಮೆ ಸಾಕು," ಎಂದರು ಡಾಕ್ಟರು. "ಬೇಕಾದ್ದಕ್ಕಿಂತ ಹೆಚ್ಚು ಕೊಟ್ರೆ ಮುಂದೆ ಹೃದಯಕ್ಕೆ ಪೆಟ್ಟು."

"ಅವನಿಗೆ ಕೊಡೋದನ್ನೇ ಇವಳಿಗೂ ಕೊಡಿ ಸಾರ್! ಮಕ್ಕಳಲ್ಲೂ ಭೇದ ಮಾಡ್ತಾರಾ?" ಎಂದು ಅತ್ತೆ ಜಗಳಕ್ಕೇ ನಿಂತಳು. ಅಪ್ಪ ಮಗಳನ್ನೊಮ್ಮೆ, ಡಾಕ್ಟರನ್ನೊಮ್ಮೆ ನೋಡಿ, ಡಾಕ್ಟರ ಮಾತಿಗೆ ಒಪ್ಪಿ ತಲೆಯಾಡಿಸಿದ. ಆಮೇಲೆ ತನ್ನ ಹೊಲಿಗೆ ಅಂಗಡಿಗೆ ಹೋದ.

*

ಅಂಗಿ ತೊಡಿಸಿ ಮುಗಿಯುವಷ್ಟರಲ್ಲಿ ವಯಸ್ಸಾದ ಹೆಂಗಸೊಬ್ಬಳು ಒಳಗೆ ಬಂದಳು. ಕೈಯಲ್ಲೊಂದು ಬಟ್ಟೆಯ ಗಂಟು.

"ಗುರುತು ಸಿಕ್ತೇನಮ್ಮಾ? ನಿನ್ನ ಪಕ್ಕದ ಮಂಚದಲ್ಲಿದ್ನಲ್ಲ, ಅವನ ಅಮ್ಮ."

ಮಗಳು ಅವಳ ಕೈ ಹಿಡಿದುಕೊಂಡಳು. ಅಷ್ಟೊಂದು ಔಷಧಿ ಏರಿಸಿದ ಮೇಲೂ ವರ್ಷದೊಳಗೇ ಕಾಯಿಲೆ ಮರುಕಳಿಸಿ ಹುಡುಗ ತೀರಿಕೊಂಡಿದ್ದ.

"ನಿನಗೆ ಔಷಧಿ ಕಡಿಮೆ ಮಾಡಿದ ಮಾರನೇ ದಿನ ನಿಮ್ಮಪ್ಪ ಎರಡು ಬಟ್ಟೆ ಹೊಲ್ಕೊಂಡು ಬಂದ್ರು. ಒಂದೇ ನೀಲಿ ಬಟ್ಟೇಲಿ ನಿನಗೊಂದು ಫ್ರಾಕು, ನನ್ನ ಮಗನಿಗೊಂದು ಅಂಗಿ. 'ಒಳಗೆ ಇಷ್ಟೊಂದು ಯಾಕೆ ಮಡಚಿದ್ದೀರಿ' ಅಂದೆ. 'ಬೆಳೆಯೋ ಮಕ್ಕಳಲ್ವೇನಮ್ಮಾ, ವರ್ಷ ವರ್ಷ ಬಿಚ್ಚಿ ಉದ್ದ ಮಾಡ್ಬೇಕು' ಅಂದ್ರು. ಅತ್ತು ಅತ್ತು ಅವರ ಕಣ್ಣು ಕೆಂಪಗಾಗಿತ್ತು. ಇಬ್ಬರಿಗೂ ನಾಲ್ಕು ಬೆರಳು ಬಿಟ್ಟಿದ್ರು."

ಆ ಫ್ರಾಕು ಅತ್ತೆಗೂ ನೆನಪಿತ್ತು. ಅಪ್ಪ ವರ್ಷಕ್ಕೊಮ್ಮೆ ಅದರ ಮಡಿಕೆ ಬಿಚ್ಚಿ ಕೊಡುತ್ತಿದ್ದ. ಅದೂ ಸಾಲದಾದಾಗ ಅತ್ತೆಯೇ ಅದನ್ನು ನೆಲ ಒರೆಸಲು ಹಾಕಿಕೊಂಡು ಚಿಂದಿಯಾಗಿಸಿದ್ದಳು.

"ಎಂಥ ಮಾತು ಆಡಿಕೊಂಡು ಬಂದ್ನಲ್ಲೇ ನಾನು," ಎಂದು ಅತ್ತೆ ತಮ್ಮನ ಕಾಲ ಬಳಿ ಕುಸಿದು ಕೂತಳು.

"ಮಗನದು ಕಿಟಕಿ ಪಕ್ಕದ ಗೂಟದಲ್ಲೇ ಇತ್ತು. ಹೊಲಿದವರ ಜೊತೇಲೇ ಹೋಗ್ಲಿ ಅಂತ ತಂದೆ," ಎನ್ನುತ್ತ ಹೆಂಗಸು ಗಂಟು ಬಿಚ್ಚಿದಳು.

ಪುಟ್ಟ ಅಂಗಿ ಬಿಸಿಲಿಗೆ ಬಣ್ಣ ಹೋಗಿ ಬೂದಿಯಂತಾಗಿತ್ತು. ಮಗಳು ಅದನ್ನು ಅಪ್ಪನ ಎದೆಯ ಮೇಲೆ ಹರಡಿದಳು. ಅಂಚಿನ ಹೊಲಿಗೆ ಒಂದು ಕಡೆ ಸಡಿಲವಾಗಿತ್ತು. ಅಲ್ಲಿ ಬೆರಳಿಟ್ಟು ಮಡಿಕೆ ತಿರುಗಿಸಿದಳು. ಒಳಗೆ ಉಳಿದಿದ್ದ ನಾಲ್ಕು ಬೆರಳಗಲ ಬಟ್ಟೆ, ಥಾನಿನಿಂದ ಕತ್ತರಿಸಿದ ದಿನದಂತೆಯೇ ಕಡುನೀಲಿಯಾಗಿತ್ತು.