ಮೂರನೆಯ ಪಟ್ಟಿ

ನಾಟಕಶಾಲೆಗೆಂದು ಹೊಲಿದ ಮಖಮಲ್ಲಿನ ಪರದೆಯನ್ನು ಹೊಲಿಗೆ ಅಂಗಡಿಯ ತೊಲೆಗೆ ತೂಗುಹಾಕುತ್ತಿದ್ದಂತೆ ತಪ್ಪು ಎಲ್ಲರ ಕಣ್ಣಿಗೂ ಬಿತ್ತು. ಐದು ಪಟ್ಟಿಗಳಲ್ಲಿ ಮೂರನೆಯದು ಮಾತ್ರ ನೀರು ಬಿದ್ದಂತೆ ಕಪ್ಪಗಿತ್ತು. ಬಟ್ಟೆ ಒಂದೇ, ಆದರೆ ಉಳಿದವುಗಳ ಮೇಲಿನ ನವಿರು ರೋಮ ಕೆಳಮುಖ, ಇದರದು ಮೇಲ್ಮುಖ; ಅದಕ್ಕೇ ಬಣ್ಣ ಬೇರೆ ಕಾಣುತ್ತಿತ್ತು.

"ಕಣ್ಣು ಮನೇಲಿ ಬಿಟ್ಟು ಬಂದಿದ್ಯೇನಮ್ಮಾ?" ಯಜಮಾನ ಹೊಲಿಗೆಯ ಅಕ್ಕನ ಮೇಲೆ ಹರಿಹಾಯ್ದ. "ತಲೆಕೆಳಗಾಗಿ ಕೂಡಿಸಿದ್ಯಲ್ಲ!"

"ಪಟ್ಟಿ ಹಿಂದೆ ಬರೆದಿದ್ದ ಬಾಣದ ಗುರುತು ನೋಡೇ ಕೂಡಿಸಿದ್ದು, ಸಾರ್."

"ಎಲ್ಲಿದೆ, ತೋರಿಸು."

ಅವಳು ಹಿಂಬದಿ ತಿರುಗಿಸಿದಳು. ಸೀಮೆಸುಣ್ಣದ ಗುರುತು ಇಸ್ತ್ರಿಯ ಹಬೆಗೆ ಅಳಿಸಿಹೋಗಿತ್ತು.

"ನಾಳೆಯಿಂದ ಬರಬೇಡ," ಎಂದು ಯಜಮಾನ ಒಳಗೆ ಹೋದ.

ಬಟ್ಟೆ ಕತ್ತರಿಸುವವನು ತನ್ನ ಮೇಜಿನ ಹಿಂದೆ ನಿಂತೇ ಇದ್ದ. ಬಾಣ ಬರೆಯುವ ಮೊದಲು ಅಂಗೈಯಿಂದ ಬಟ್ಟೆ ಸವರಿ ರೋಮ ಎತ್ತ ಮಲಗಿದೆ ಎಂದು ನೋಡಬೇಕು. ಸೋಮವಾರ ಮೂರನೆಯ ಪಟ್ಟಿಯನ್ನು ಅವನು ಸವರಿರಲಿಲ್ಲ. ಆಗ ಹಳೆಯ ಗ್ರೀಸಿನ ಸ್ಟೋಯಿಕ್ ತತ್ವಜ್ಞಾನಿಗಳ ಬಗ್ಗೆ ಓದಿದ್ದನ್ನು ಇಸ್ತ್ರಿಯವನಿಗೆ ವಿವರಿಸುವ ಹುರುಪಿನಲ್ಲಿದ್ದ: ನಮ್ಮ ಕೈಯಲ್ಲಿರುವುದು ಬೇರೆ, ಇಲ್ಲದ್ದು ಬೇರೆ, ಇಲ್ಲದ್ದಕ್ಕೆ ಕೊರಗಬಾರದು. ಇನ್ನೊಂದು ತಪ್ಪಾದರೆ ಕೆಲಸ ಬಿಡಬೇಕೆಂದು ಯಜಮಾನ ಹೋದ ತಿಂಗಳೇ ಅವನಿಗೆ ಹೇಳಿದ್ದ.

"ಏನು ತತ್ವಜ್ಞಾನಿಗಳೇ," ಇಸ್ತ್ರಿಯವನು ಪಿಸುಗುಟ್ಟಿದ, "ಇದು ಯಾವುದು? ಕೈಲಿರೋದಾ, ಇಲ್ಲದ್ದಾ?"

"ಯಜಮಾನ್ರ ಕೋಪ ನಮ್ಮ ಕೈಲಿಲ್ಲ ಕಣೋ."

ಆಡಿದ ಮಾತು ಅವನಿಗೇ ಹಳಸಿದಂತೆ ಅನಿಸಿತು. ಕತ್ತರಿ ಎತ್ತಿದ, ಇಟ್ಟ. ಟೇಪು ಸುತ್ತಿದ, ಬಿಚ್ಚಿದ. ಕಿಟಕಿಯವರೆಗೆ ಹೋಗಿ ವಾಪಸು ಬಂದ. ಅಕ್ಕ ಕನ್ನಡಕವನ್ನೂ ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಟೊಪ್ಪಿಯನ್ನೂ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಅವನತ್ತ ಒಮ್ಮೆಯೂ ನೋಡಲಿಲ್ಲ. ಅದನ್ನು ಮಾತ್ರ ಅವನಿಂದ ಸಹಿಸಲಾಗಲಿಲ್ಲ.

ಒಳಗೆ ಹೋದ. "ಗುರುತು ತಪ್ಪು ಹಾಕಿದ್ದು ನಾನು, ಸಾರ್. ಅಕ್ಕಂದೇನೂ ಇಲ್ಲ."

ಯಜಮಾನ ತಲೆ ಎತ್ತಲಿಲ್ಲ. "ಸರಿ. ಅವಳಿರಲಿ. ನೀನು ಆ ಪಟ್ಟಿ ಬಿಚ್ಚಿಕೊಟ್ಟು ಹೊರಡು."

ಪರದೆ ಕೆಳಗಿಳಿಸಿ ಅವನೂ ಅಕ್ಕನೂ ನೆಲದ ಮೇಲೆ ಕೂತರು.

"ಹೇಳೋಕೆ ಇಷ್ಟು ಹೊತ್ತು ಬೇಕಿತ್ತೇನೋ?" ಅಕ್ಕ ಕೇಳಿದಳು.

"ಭಯ ಆಯ್ತಕ್ಕ."

"ಈಗ?"

"ಈಗ್ಲೂ ಇದೆ."

ಅವನು ಹೊಲಿಗೆ ಬಿಚ್ಚಲು ಹೋದಾಗ ಸಡಿಲ ಬಟ್ಟೆಯ ಮೇಲೆ ಬ್ಲೇಡಿನ ಮೊನೆ ಜಾರಿತು. ಅಕ್ಕ ಬಟ್ಟೆಯ ಅಂಚನ್ನು ಮೊಣಕಾಲಿಗೆ ಒತ್ತಿ, ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದಳು. ದಾರ ಒಂದೊಂದೇ ಟಕ್ಕೆಂದು ತುಂಡಾಗತೊಡಗಿತು.