ಬಲಗೆನ್ನೆಯ ಮಚ್ಚೆ

ನಾನು ಒಂದು ಗಾಜಿನ ಚಿತ್ರ. ಹುಟ್ಟಿದ್ದು ಯೂರೋಪಿನ ಒಂದು ಕುಲುಮೆಯಲ್ಲಿ, ಬರೀ ಕನ್ನಡಿಯಾಗಿ. ರೂಪ ಬಂದದ್ದು ಚೀನಾದಲ್ಲಿ. ಆ ಕಾಲದಲ್ಲಿ ಯೂರೋಪಿನವರು ಕನ್ನಡಿಗಳನ್ನು ಹಡಗಿನಲ್ಲಿ ಕ್ಯಾಂಟನ್ ಬಂದರಿಗೆ ಒಯ್ದು, ಅಲ್ಲಿಯ ಕಲಾವಿದರಿಂದ ಗಾಜಿನ ಬೆನ್ನ ಮೇಲೆ ಚಿತ್ರ ಬರೆಸಿಕೊಂಡು ಮತ್ತೆ ಊರಿಗೆ ತರುತ್ತಿದ್ದರು. ಅಷ್ಟು ದೂರ ಹೋಗಿ ಬಂದೂ ಒಡೆಯದೆ ಉಳಿದಿದ್ದೇನೆ. ಸ್ವಲ್ಪ ಜಂಬ ಕಂಡರೆ ಮನ್ನಿಸಿ.

ನನ್ನನ್ನು ಒಯ್ದವನು ಕಪ್ತಾನ ಯೊಹಾನ್. ಅವನ ಹೆಂಡತಿ ತೀರಿಕೊಂಡಾಗ ಮಗಳು ಎಲ್ಸಾ ತೊಟ್ಟಿಲ ಕೂಸು. ಮಾತು ಕಲಿತ ಮೇಲೆ, ಅವನು ಮನೆಗೆ ಬಂದಾಗಲೆಲ್ಲ "ಅಮ್ಮ ಹೇಗಿದ್ದಳು?" ಎಂದು ಕೇಳುತ್ತಿದ್ದಳು. ತೋರಿಸಲು ಅವನ ಬಳಿ ಇದ್ದದ್ದು ಮಾಸಿಹೋಗುತ್ತಿದ್ದ ಒಂದು ಪೆನ್ಸಿಲ್ ಚಿತ್ರ ಮಾತ್ರ. ಅದನ್ನು ಕ್ಯಾಂಟನ್ನಿನ ಚಿತ್ರಗಾರ ಲಿಯಾಂಗನ ಕೈಗಿಟ್ಟು ಹೇಳಿದ: "ನನ್ನ ಮಗಳು ಅವಳಮ್ಮನ್ನ ನೋಡಬೇಕು. ಎಡಗೆನ್ನೆ ಮಚ್ಚೆ ಮಾತ್ರ ಮರೀಬೇಡಪ್ಪ. ಮಗಳಿಗೂ ಅಲ್ಲೇ ಇದೆ."

ಲಿಯಾಂಗ್ ನನ್ನ ಬೆನ್ನಿನ ಪಾದರಸದ ಲೇಪವನ್ನು ಅರ್ಧದಷ್ಟು ಕೆರೆದು ಚಿತ್ರಕ್ಕೆ ಜಾಗ ಮಾಡಿಕೊಂಡ. ಕಚಗುಳಿಯಾಯಿತು, ತಡೆದುಕೊಂಡೆ. ಉಳಿದರ್ಧ ಕನ್ನಡಿಯಾಗಿಯೇ ಇತ್ತು.

ಗಾಜಿನ ಹಿಂದಿನಿಂದ ಬರೆಯುವಾಗ ಎಲ್ಲವೂ ತಲೆಕೆಳಗು. ಬೇರೆ ಚಿತ್ರಗಳಲ್ಲಿ ಕೊನೆಗೆ ಇಡುವ ಬೊಟ್ಟನ್ನು ಇಲ್ಲಿ ಮೊದಲೇ ಇಡಬೇಕು. ಮೊದಲು ಮಚ್ಚೆ, ರೆಪ್ಪೆ, ಆಮೇಲೆ ಕೆನ್ನೆ, ಎಲ್ಲ ಮುಗಿದ ಮೇಲೆ ಹಿಂದಿನ ಆಕಾಶ. ಎಡ ಬಲಗಳನ್ನೂ ಅದಲುಬದಲು ಮಾಡಿಯೇ ಬರೆಯಬೇಕು. ಲಿಯಾಂಗನಿಗೆ ಇದೆಲ್ಲ ನೀರು ಕುಡಿದಷ್ಟು ಸುಲಭ. ಆದರೆ ಆ ದಿನ ಮಚ್ಚೆ ಮರೆಯಬಾರದೆಂಬ ಗಡಿಬಿಡಿಯಲ್ಲಿ, ಪೆನ್ಸಿಲ್ ಚಿತ್ರದಲ್ಲಿ ಕಂಡ ಕಡೆಯಲ್ಲೇ ಅದನ್ನು ಇಟ್ಟುಬಿಟ್ಟ. ಉಳಿದದ್ದನ್ನೆಲ್ಲ ಸರಿಯಾಗಿ ತಿರುಗಿಸಿ ಬರೆದ.

ಬಣ್ಣವೆಲ್ಲ ಒಣಗಿದ ಮೇಲೆ ಅವನ ಹೆಂಡತಿ ಮುಯಿ ನನ್ನನ್ನು ಮಗುಚಿ ನೋಡಿದಳು.

"ರೀ, ಮಚ್ಚೆ ಬಲಗೆನ್ನೆಗೆ ಬಂದಿದೆಯಲ್ರೀ!"

"ಸುಮ್ನಿರೇ, ನಾನು ತಪ್ತೀನಾ?" ಎನ್ನುತ್ತ ಬಂದವನು ಪೆನ್ಸಿಲ್ ಚಿತ್ರವನ್ನು ನನ್ನ ಪಕ್ಕದಲ್ಲಿ ಹಿಡಿದು ನೋಡಿದ. "ಅಯ್ಯೋ, ಇಡೀ ಮುಖ ಕೆರೀದೆ ಆ ಮಚ್ಚೆ ತೆಗೆಯೋಕಾಗಲ್ಲ ಕಣೇ. ಹೊಸದು ಬರೆಯೋಣ ಅಂದ್ರೆ ಹಡಗು ನಾಳೆ ಹೊರಡತ್ತೆ."

ಕಪ್ತಾನ ಬಂದಾಗ ಲಿಯಾಂಗ್ ತಲೆ ತಗ್ಗಿಸಿ ತಪ್ಪನ್ನು ತಾನೇ ಹೇಳಿದ. ಕಪ್ತಾನ ನನ್ನನ್ನು ಬೆಳಕಿಗೆ ಹಿಡಿದು ನೋಡಿದ. "ಕಣ್ಣು ಅವಳದ್ದೇ. ಆದ್ರೆ ಇದು ಅವಳಲ್ಲ" ಎಂದ. ಆಗ ಅಲ್ಲೇ ಒಡೆದುಹೋಗಬಾರದೇ ಅನ್ನಿಸಿತು ನನಗೆ. ಬರಿಗೈಯಲ್ಲಿ ಮಗಳ ಮುಂದೆ ನಿಲ್ಲಲಾರದೆ, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿಟ್ಟು ನನ್ನನ್ನು ಕೊಂಡೊಯ್ದ.

ಊರಿನ ಮನೆಯಲ್ಲಿ ನನ್ನನ್ನು ಗೋಡೆಗೆ ತೂಗುಹಾಕಿ, "ಚಿತ್ರಗಾರ ಒಂದು ತಪ್ಪು ಮಾಡಿದಾನೆ ಮಗೂ" ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಎಲ್ಸಾ ಸ್ಟೂಲು ಎಳೆದುಕೊಂಡು ಹತ್ತಿ, ಅಮ್ಮನ ಪಕ್ಕದ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡಿದ್ದಳು. ಕನ್ನಡಿಯಲ್ಲಿ ಎಡ ಬಲವಾಗುವುದು ನಿಮಗೆ ಗೊತ್ತೇ ಇದೆ.

"ಅಪ್ಪಾ, ನೋಡಿಲ್ಲಿ! ಅಮ್ಮಂಗೂ ನಂಗೂ ಒಂದೇ ಕಡೆ ಮಚ್ಚೆ!"

ಕಪ್ತಾನ ನೋಡಿದ. ಮಗಳ ಹೆಗಲ ಮೇಲೆ ಮುಖವಿಟ್ಟು ಅತ್ತುಬಿಟ್ಟ.

ಎಲ್ಸಾ ಬದುಕಿಡೀ ನನ್ನ ಮುಂದೆಯೇ ತಲೆ ಬಾಚಿಕೊಂಡಳು. ಕೂದಲು ಬೆಳ್ಳಗಾದ ಮೇಲೂ ಹೊರಗೆ ಹೊರಟಾಗ ಚಿತ್ರದ ಆ ಎಳೆಯ ಹೆಂಗಸಿಗೆ "ಬರ್ತೀನಮ್ಮ" ಅನ್ನುತ್ತಿದ್ದಳು. ಅವಳಾದ ಮೇಲೆ ಯಾರ್‍ಯಾರದೋ ಮನೆಗಳನ್ನು ಸುತ್ತಿ, ಈಗ ಒಂದು ವಸ್ತುಸಂಗ್ರಹಾಲಯದ ಮೂಲೆಯಲ್ಲಿದ್ದೇನೆ. ಪಾದರಸ ಕಪ್ಪಿಟ್ಟಿದೆ, ಯಾರ ಮುಖವೂ ನೆಟ್ಟಗೆ ಕಾಣುವುದಿಲ್ಲ. ಅದಕ್ಕೇನೂ ಬೇಸರವಿಲ್ಲ.

ಕೊರಗು ಒಂದೇ. ಲಿಯಾಂಗ್ ಮತ್ತೆ ಎಷ್ಟು ಮುಖ ಬರೆದನೋ, ಪ್ರತಿ ಮಚ್ಚೆ ಇಡುವಾಗಲೂ ಈ ತಪ್ಪನ್ನು ನೆನೆದು ಎಡ ಬಲವನ್ನು ಮತ್ತೆ ಮತ್ತೆ ನೋಡಿಕೊಂಡನೋ ಏನೋ. ಅವನು ತಪ್ಪಿದ್ದರಿಂದಲೇ ಒಂದು ಮಗುವಿಗೆ ತಾಯಿ ಸಿಕ್ಕಳು ಎಂದು ಯಾರಾದರೂ ಅವನಿಗೆ ಹೇಳಬೇಕಿತ್ತು.