ಕಪ್ಪು ದಾರದ ಕಾಲುಚೀಲ

“ಕೈ ಬಗ್ಗಿಸ್ರೀ ಮಹರಾಯ್ರೇ, ಹತ್ತು ಲಕ್ಷ ಅಂಗಿ ಒಗೆದವಳು ನಾನು. ನನ್ನ ಹತ್ರ ಬಿಗುಮಾನ ಬೇಡ,” ಎನ್ನುತ್ತ ಮುದುಕಿ ಗಂಡನ ಬಲಗೈಯನ್ನು ಬಿಳಿ ಅಂಗಿಯ ತೋಳಿಗೆ ತೂರಿಸಲು ಹೆಣಗುತ್ತಿದ್ದಳು. ಕೈ ಬಗ್ಗಲಿಲ್ಲ. ಅವನು ಹೋಗಿ ಆರು ತಾಸು ಕಳೆದಿತ್ತು.

ಮಂಚದ ಆಚೆ ನಿಂತಿದ್ದ ಮಗಳು ಮೂಗೊರೆಸಿಕೊಂಡಳು. “ಹತ್ತು ಲಕ್ಷ ಎಲ್ಲಿಂದ ಬಂತಮ್ಮ?”

“ಅರ್ಧ ಸುಳ್ಳು ಅಂತಿಟ್ಕೋ. ಅರ್ಧ ನಿಮ್ಮಪ್ಪ ಒಗೆದದ್ದು.”

ಫುಟ್‌ಬಾಲ್ ಮೈದಾನದ ಹಿಂಬದಿಯ ಮನೆ ಅದು. ತಂಡದ ಬಟ್ಟೆ ಒಗೆಯುವುದೇ ಗಂಡಹೆಂಡಿರ ಕೆಲಸವಾಗಿತ್ತು. ನಲವತ್ತು ವರ್ಷ ಹಿತ್ತಲಿನ ಹಗ್ಗದ ಮೇಲೆ ಕೆಂಪು ಅಂಗಿಗಳು ಒಣಗಿದ್ದವು. ಇವತ್ತು ಹಗ್ಗ ಖಾಲಿಯಿತ್ತು.

ಹನ್ನೊಂದಕ್ಕೆ ಹೆಣದ ಗಾಡಿ ಬರಬೇಕಿತ್ತು. ಅದಕ್ಕೂ ಮೊದಲೇ ಡೋಲಿನವನು ಬಂದ. ಪಂದ್ಯ ಇದ್ದಲ್ಲೆಲ್ಲ ಗ್ಯಾಲರಿಯಲ್ಲಿ ಡೋಲು ಬಡಿದು ಬಡಿದು ಕಿವಿ ಮಂದವಾದ ಅಭಿಮಾನಿ. ಅವನ ಹಿಂದೆ ಕುಂಟುತ್ತ ತಂಡದ ಹಳೆಯ ಗೋಲ್‌ಕೀಪರ್.

ಡೋಲಿನವನು ಕವರಿನಿಂದ ಗುಲಾಬಿ ಬಣ್ಣದ ಅಂಗಿ ತೆಗೆದ. ಬೆನ್ನಿನ ಮೇಲೆ ದೊಡ್ಡದಾಗಿ ‘ಗುಲಾಬಿ’ ಎಂದು ಬರೆಸಿದ್ದ. “ಅಕ್ಕ, ಇದನ್ನ ಅಣ್ಣನ ಮೈಮೇಲೆ ಹೊದಿಸ್ಬೇಕು. ಗ್ಯಾಲರಿಯವರೆಲ್ಲ ಸೇರಿ ಮಾಡ್ಸಿದ್ದು.”

ಮಗಳ ಮುಖ ಕೆಂಡವಾಯಿತು. “ಸತ್ತ ಮೇಲೂ ಗೇಲಿ ಮಾಡ್ತೀರಾ ಮಾಮ? ಬದುಕಿರೋ ತನಕ ಆ ಹೆಸರು ಹೊತ್ತದ್ದು ಸಾಲದಾ?”

“ಗೇಲಿ ಅಲ್ಲಮ್ಮ, ಪ್ರೀತಿ.”

“ಪ್ರೀತಿಯಂತೆ!” ಗೋಲ್‌ಕೀಪರ್ ಕುರ್ಚಿ ಎಳೆದುಕೊಂಡ. “ಅವತ್ತು ನಾವು ಗುಲಾಬಿ ಅಂಗಿ ಹಾಕ್ಕೊಂಡು ಇಳಿದಾಗ ಡೋಲು ಬಿಟ್ಟು ತಗಡು ಬಡಿದವನು ಯಾರು?”

“ಮತ್ತಿನ್ನೇನು? ನಮ್ಮದು ಕೆಂಪು. ನಮ್ಮಪ್ಪನ ಕಾಲದಿಂದ ಕೆಂಪು. ಆಸ್ಪತ್ರೆಗೆ ದಾನ ಕೇಳ್ರಪ್ಪ, ಕೊಡ್ತೀವಿ. ಬಣ್ಣ ಯಾಕೆ ಕೇಳ್ತೀರಿ? ಬಿಳಿ ಅಂದಾಗ್ಲೇ ಹೊಟ್ಟೆ ಉರಿದಿತ್ತು. ಬಂದು ನೋಡಿದ್ರೆ ಗುಲಾಬಿ!”

“ಪಂದ್ಯ ಮುಗಿದ್ಮೇಲೆ ಅಂಗಿ ತಗೊಂಡು ಹೋದಾಗ ಆಸ್ಪತ್ರೆ ಮಕ್ಕಳು ಏನಂದ್ರು ಗೊತ್ತಾ? ‘ಬಿಳಿ ಕೋಟು ಡಾಕ್ಟರದ್ದು, ಈ ಬಣ್ಣ ನಮ್ಮದು’ ಅಂತ ಅಂಗಿ ಬಿಡ್ಲೇ ಇಲ್ಲ.” ಗೋಲ್‌ಕೀಪರ್ ಮಂಚದತ್ತ ನೋಡಿ ದನಿ ತಗ್ಗಿಸಿದ. “ಇವನಿಗೆ ಹೇಳ್ಬೇಕು ಹೇಳ್ಬೇಕು ಅಂತಿದ್ದೆ. ಇವತ್ತು ನಾಳೆ ಅಂತ ಹಾಗೇ ಉಳೀತು.”

ಹೇಗೋ ತೋಳು ತೂರಿಸಿ ಗುಂಡಿ ಹಾಕುತ್ತಿದ್ದ ಮುದುಕಿಯ ಕೈ ಅಲ್ಲೇ ನಿಂತುಬಿಟ್ಟಿತು.

*

ಮೂವತ್ತು ವರ್ಷದ ಹಿಂದಿನ ಮಾತು. ಮಕ್ಕಳ ಆಸ್ಪತ್ರೆಯ ಸಹಾಯಕ್ಕಾಗಿ ತಂಡ ಒಂದು ಪಂದ್ಯದಲ್ಲಿ ಬಿಳಿ ಅಂಗಿ ತೊಡುವುದಿತ್ತು. ವಾರ್ಡಿನ ಮಕ್ಕಳು ಅಂಗೈಗೆ ನೀಲಿ ಬಳಿದುಕೊಂಡು ಒಂದೊಂದು ಅಂಗಿಯ ಬೆನ್ನಿಗೂ ಒತ್ತಿದ್ದರು. ಹಿಂದಿನ ದಿನ ಅವನ್ನು ಒಮ್ಮೆ ಒಗೆದು ಇಸ್ತ್ರಿ ಮಾಡಬೇಕಿತ್ತು.

ಮಷೀನಿಗೆ ಬಟ್ಟೆ ತುಂಬಿದವಳು ಅವಳು. ಪಕ್ಕದ ಮನೆಯವಳಿಗೆ, ತಾನು ಗದರಿದ್ದಕ್ಕೆ ಕ್ಯಾಪ್ಟನ್ ಮೂರು ದಿನ ಜ್ವರ ಬಂದು ಮಲಗಿದ ಕತೆ ಹೇಳುತ್ತ ತುಂಬಿದಳು. ಕತೆ ಮುಗಿಯುವ ಮೊದಲೇ, ಒಳಗೆ ನೋಡದೆ ಮಷೀನಿನ ಬಾಗಿಲು ಮುಚ್ಚಿದಳು.

ತೆಗೆದವನು ಅವನು. ಅಂಗಿಗಳೆಲ್ಲ ಗುಲಾಬಿ. ನಡುವೆ ಒಂದು ಕೆಂಪು ಕಾಲುಚೀಲ, ಹೆಬ್ಬೆರಳಿನ ಜಾಗದಲ್ಲಿ ಕಪ್ಪು ದಾರದ ಹೊಲಿಗೆ. ಹರಿದ ಕಾಲುಚೀಲ ಹೊಲಿಯುವುದು ಅವಳ ಪಾಲಿನ ಕೆಲಸ. ಕೆಂಪು ದಾರ ಮುಗಿದರೆ ಕಪ್ಪಿನಲ್ಲೇ ಮುಗಿಸಿಬಿಡುತ್ತಿದ್ದಳು. ಅವನು ಅದನ್ನು ಹಿಂಡಿ ಜೇಬಿಗೆ ಹಾಕಿಕೊಂಡ.

“ಯಾರು ಮಾಡಿದ್ದು ಇದನ್ನ?” ತಂಡದ ಕಾರ್ಯದರ್ಶಿ ಕೂಗಾಡಿದರು.

ಅವಳು ಬಾಯಿ ತೆರೆದಳು. ಅವನು ಅವಳ ಪಾದ ತುಳಿದ. “ನಾನೇ ಸ್ವಾಮಿ. ನೋಡದೆ ಹಾಕ್ಬಿಟ್ಟೆ.”

“ನಾಳೆಯಿಂದ ಡ್ರೆಸ್ಸಿಂಗ್ ರೂಮಿನ ಹತ್ರ ಸುಳೀಬೇಡ. ನಿನ್ನ ಹೆಂಡ್ತಿ ಒಗೀಲಿ. ಆಯಮ್ಮನಿಗಾದ್ರೂ ಕಣ್ಣು ಸರಿಯಾಗಿದೆ.”

ಅಂದಿನಿಂದ ಆಟಗಾರರ ಬೆಂಚಿನ ಪಕ್ಕ ಬಟ್ಟೆಯ ಬುಟ್ಟಿ ಇಟ್ಟುಕೊಂಡು ಕೂತವಳು ಅವಳು. ಅವನು ಟಿಕೆಟ್ ತೆಗೆದುಕೊಂಡು ಗ್ಯಾಲರಿಯಲ್ಲಿ ಕೂತ. ಹಿತ್ತಲಲ್ಲಿ ಅರ್ಧ ಬಟ್ಟೆ ಅವನೇ ಒಗೆಯುತ್ತಿದ್ದ, ಹೆಸರು ಅವಳದು. ಗೋಲಾದಾಗಲೆಲ್ಲ ಎದ್ದು ನಿಂತು ಅವಳತ್ತ ಕೈ ಬೀಸುತ್ತಿದ್ದ. “ಏ ಗುಲಾಬಿ, ಕೂತ್ಕೊಳ್ಳಯ್ಯಾ!” ಎಂಬ ಕೂಗು ಬೆಂಚಿನವರೆಗೂ ಕೇಳುತ್ತಿತ್ತು.

ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದಳು. ಕೆಲಸ ಹೋದರೆ ಚಿಕ್ಕ ಮಗಳ ಗತಿಯೇನು? ಆಮೇಲೆ ಮಗಳ ಮದುವೆ. ಅದೂ ಆದ ಮೇಲೆ, ಹೇಳಲು ನಾಚಿಕೆ.

*

ಹೊರಗೆ ಗಾಡಿಯ ಹಾರ್ನ್ ಕೇಳಿಸಿತು.

“ಆ ಅಂಗಿ ಹೊದಿಸೋದು ಬೇಡ,” ಎಂದಳು ಮಗಳು.

“ಹೊದಿಸ್ಲೇಬೇಕು. ಗ್ಯಾಲರಿಗೆ ನಾನೇನು ಹೇಳ್ಲಿ?”

“ಇಬ್ರೂ ಸುಮ್ನಿರ್ತೀರಾ?” ಮುದುಕಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕೆಂಪು ಕಾಲುಚೀಲ ಎಳೆದು ತೆಗೆದಳು. ಬೆಳಿಗ್ಗೆ ಗಂಡನ ಪೆಟ್ಟಿಗೆಯಲ್ಲಿ, ಈ ಬಿಳಿ ಅಂಗಿಯ ಕೆಳಗೆ ಸಿಕ್ಕಿತ್ತು. ನಾಲ್ಕು ಮಡಿಕೆ ಮಾಡಿ, ಇಸ್ತ್ರಿ ಹಾಕಿ ಇಟ್ಟಿದ್ದ.

ಅವಳು ಬಗ್ಗಿ ಅದನ್ನು ಅವನ ತಣ್ಣಗಿನ ಎಡಗಾಲಿಗೆ ತೊಡಿಸಿದಳು. ಹೆಬ್ಬೆರಳ ಮೇಲೆ ಕಪ್ಪು ದಾರ ಎದ್ದು ಕಂಡಿತು.

ಗೋಲ್‌ಕೀಪರ್ ಕುರ್ಚಿಯಿಂದ ಮುಂದಕ್ಕೆ ಬಾಗಿದ. “ಅಕ್ಕ, ಇದು ನಿಮ್ಮ ಹೊಲಿಗೆ. ನನ್ನ ಸಾಕ್ಸಿಗೂ ಹೀಗೇ ಹಾಕ್ತಿದ್ರಿ.”

“ಕೆಂಪಿಗೆ ಕಪ್ಪು ದಾರ ಹಾಕೋ ಜಾಣೆ ಏಳು ಲೋಕದಲ್ಲಿ ಒಬ್ಬಳೇ ಕಣಪ್ಪ. ಈ ಸಾಕ್ಸನ್ನ ಅವತ್ತು ಬಿಳಿ ಅಂಗಿಗಳ ಜೊತೆ ಮಷೀನಿಗೆ ಹಾಕಿದವಳೂ ನಾನೇ. ನಿಮ್ಮಣ್ಣ ಜೇಬಲ್ಲಿ ಬಚ್ಚಿಟ್ಟ.”

ಮಗಳು ತಾಯಿಯನ್ನು ಹೊಸಬಳಂತೆ ನೋಡಿದಳು.

“ಅಮ್ಮಾ...” ಎಂದಳು.

ಮುದುಕಿ ಡೋಲಿನವನ ಕೈಯಿಂದ ಗುಲಾಬಿ ಅಂಗಿ ತೆಗೆದುಕೊಂಡು ಮಗಳ ಕೈಗಿತ್ತಳು. ನಗಲು ಹೋದಳು, ತುಟಿ ಕೇಳಲಿಲ್ಲ.

“ಈಗ ಹೇಳೇ ಜಾಣೆ, ಇದು ಯಾರ ಅಂಗಿ? ಊಹಿಸು ನೋಡೋಣ.”

ಮೈದಾನಕ್ಕಿಳಿಯುವ ಮೊದಲು ಅಂಗಿ ತೊಡಿಸಿಕೊಳ್ಳುವ ಮಗುವಿನಂತೆ ಎರಡೂ ತೋಳು ಮುಂದೆ ಚಾಚಿ ನಿಂತಳು.